ಇಸಬ್‌ಗೋಲ್: ಜೀರ್ಣವಾಗದೆ ಇರುವುದೇ ಇದರ ಗುಣ

ಮಲಬದ್ಧತೆಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಸಾಮಾನುಗಳಲ್ಲಿ ಮೊದಲು ಕೊಳ್ಳಬೇಕಾದ್ದು ಸಾದಾ ಇಸಬ್‌ಗೋಲ್ ಹೊಟ್ಟು. ಗುಜರಾತ್, ರಾಜಸ್ಥಾನದ ಕಡೆ ಬೆಳೆಯುವ ಬೀಜದ ಮೇಲಿನ ಸಿಪ್ಪೆ ಅದು. ‘ತಗೊಂಡರೂ ಏನೂ ಆಗಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ನೀರು ಕಡಿಮೆ ಕುಡಿದಿರುತ್ತಾರೆ, ಇಲ್ಲವೇ ಎರಡನೇ ದಿನಕ್ಕೇ ಬಿಟ್ಟಿರುತ್ತಾರೆ.

ಅನ್ನ, ಮುದ್ದೆಯ ಪಿಷ್ಟವನ್ನು ಜೊಲ್ಲು ಮತ್ತು ಮೇದೋಜೀರಕ ಗ್ರಂಥಿಯ ಕಿಣ್ವಗಳು ಒಡೆಯುತ್ತವೆ, ಸಣ್ಣ ಕರುಳು ಹೀರಿಕೊಳ್ಳುತ್ತದೆ. ಈ ಹೊಟ್ಟಿನ ನಾರನ್ನು ಒಡೆಯುವ ಕಿಣ್ವ ಮನುಷ್ಯನಲ್ಲಿ ಇಲ್ಲ. ದೊಡ್ಡ ಕರುಳಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ದ್ರವ ಬರುತ್ತದೆ, ಅದರಲ್ಲಿ ಬಹುಪಾಲನ್ನು ಅದು ಹೀರಿಬಿಡುತ್ತದೆ. ಊಟದ ಉಳಿಕೆ ಅಲ್ಲೇ ಹೆಚ್ಚು ಹೊತ್ತು ನಿಂತರೆ ಮಲ ಒಣಗಿ ಗಟ್ಟಿಯಾಗುತ್ತದೆ. ಇಸಬ್‌ಗೋಲ್ ಮಾತ್ರ ತಾನು ಹಿಡಿದ ನೀರನ್ನು ಕೊನೆಯವರೆಗೂ ಬಿಡುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳೂ ಇದನ್ನು ಅಷ್ಟಾಗಿ ಹುದುಗಿಸಲಾರವು, ಹಾಗಾಗಿ ಬೇರೆ ಕೆಲವು ನಾರುಗಳಿಗಿಂತ ಗ್ಯಾಸ್ ಕಡಿಮೆ. ಭೇದಿಯಾದಾಗ ಮೊಸರಿನಲ್ಲಿ ಕಲಸಿ ಕೊಡುವ ರೂಢಿಗೂ ಇದೇ ಆಧಾರ: ಹೆಚ್ಚಾದ ನೀರನ್ನೂ ಅದು ಹಿಡಿದುಕೊಳ್ಳುತ್ತದೆ.

ಒಂದು ಟೀ ಚಮಚ ಹೊಟ್ಟನ್ನು ದೊಡ್ಡ ಲೋಟದ ನೀರಿಗೆ, ಅಂದರೆ 240 ಮಿಲಿಗೆ, ಹಾಕಿ ಕಲಕಿ. ಮೊದಲು ಬಿಳಿ ಚೂರುಗಳು ತೇಲುತ್ತವೆ. ನೋಡನೋಡುತ್ತಲೇ ಲೋಳೆಯಾಗಿ ಚಮಚಕ್ಕೆ ಅಂಟುತ್ತದೆ. ಅಷ್ಟರೊಳಗೆ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ಒಣಗಿದ್ದನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೋ ಅನ್ನನಾಳದಲ್ಲೋ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗಲು ಕಷ್ಟವಿರುವವರಿಗೆ, ಕರುಳು ಕಿರಿದಾದವರಿಗೆ ಇದು ಬೇಡವೇ ಬೇಡ. ಕುಡಿದ ತಕ್ಷಣ ಮಲಗುವುದೂ ಸರಿಯಲ್ಲ.

ಪರಿಣಾಮಕ್ಕೆ 12ರಿಂದ 72 ಗಂಟೆ ಬೇಕು, ಇದು ಭೇದಿ ಮಾತ್ರೆಯಲ್ಲ. ಮೊದಲ ದಿನವೇ ಮೂರು ಚಮಚ ಸುರಿದುಕೊಂಡರೆ ಹೊಟ್ಟೆ ಉಬ್ಬರ ಖಂಡಿತ. ವಾರಕ್ಕೊಂದು ಚಮಚ ಹೆಚ್ಚಿಸುತ್ತಾ ದಿನಕ್ಕೆ 10 ಗ್ರಾಂ ಆಸುಪಾಸಿಗೆ ಬಂದರೆ ಸಾಕು. ಅಷ್ಟನ್ನು ದಿನವೂ ತೆಗೆದುಕೊಳ್ಳುವವರಲ್ಲಿ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟ್ರಾಲ್ ಕೂಡ ಸ್ವಲ್ಪ ಇಳಿಯುತ್ತದೆ. ಥೈರಾಯ್ಡ್, ಕಬ್ಬಿಣಾಂಶದ ಮಾತ್ರೆಗಳಿಗೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರವಿರಲಿ. ಲೋಳೆಯಲ್ಲಿ ಸಿಕ್ಕಿದ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಕಿತ್ತಳೆ ರುಚಿಯ ಡಬ್ಬಿಗಳ ಲೇಬಲ್ ಓದಿ ಕೊಳ್ಳಿ: ಕೆಲವದರಲ್ಲಿ ಸಕ್ಕರೆಯೇ ಜಾಸ್ತಿ, ಸಕ್ಕರೆ ಕಾಯಿಲೆಯವರಿಗೆ ಆಗಿಬರುವುದಿಲ್ಲ. ‘ಆಯುರ್ವೇದಿಕ್’ ಎಂದು ಬರೆದ ಕೆಲವು ಮಿಶ್ರಣಗಳಲ್ಲಿ ಸೋನಾಮುಖಿ ಸೇರಿರುತ್ತದೆ. ಅದು ಕರುಳನ್ನು ಕೆರಳಿಸಿ ಓಡಿಸುವ ಔಷಧ. ರಾತ್ರಿ ಕುಡಿದು ಬೆಳಿಗ್ಗೆಯೇ ಫಲ ಸಿಕ್ಕರೆ ಅದರ ಶ್ರೇಯ ಹೆಚ್ಚಾಗಿ ಸೋನಾಮುಖಿಯದೇ. ನುಣ್ಣನೆಯ ಪುಡಿಗಿಂತ ಹೊಟ್ಟೇ ಮೇಲು, ಪುಡಿ ಬೇಗ ಗಂಟು ಕಟ್ಟುತ್ತದೆ. ಮಲದಲ್ಲಿ ರಕ್ತ ಕಂಡರೆ ಅಥವಾ ಮಲವಿಸರ್ಜನೆಯ ರೂಢಿ ಇದ್ದಕ್ಕಿದ್ದಂತೆ ಬದಲಾದರೆ ಡಬ್ಬಿ ಕೊಳ್ಳುವ ಮೊದಲು ಡಾಕ್ಟರಿಗೆ ತೋರಿಸಿ.