ನೀರಿನ ಮೇಲೊಂದು ದಿನ: ತೇಕ್ಕಡಿಯ ಬಿದಿರು ತೆಪ್ಪ, ಬೋಟು, ಸಾಣಾಪುರದ ಹರಿಗೋಲು

ನೀರಿನ ಮೇಲೆ ಸುಮ್ಮನೆ ಕೂತು ಹಗಲು ಕಳೆಯಬೇಕು ಅನ್ನುವವರು ಕೇರಳದ ತೇಕ್ಕಡಿಗೆ ಹೋಗಿ ಬಿದಿರು ತೆಪ್ಪ ಹತ್ತಿ. ಅಲ್ಲಿನದೇ ಪೆರಿಯಾರ್ ಜಲಾಶಯದ ದೊಡ್ಡ ಬೋಟು, ಹಂಪಿ ಬಳಿಯ ನಮ್ಮ ಸಾಣಾಪುರ ಕೆರೆಯ ಹರಿಗೋಲು ಎರಡರಲ್ಲೂ ಕೂತು ಬಂದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಬೋಟು ಅಗ್ಗ. ಒಂದೂವರೆ ತಾಸಿಗೆ ಮುಗಿಯುತ್ತದೆ. ದಡದಲ್ಲಿ ಕಡವೆ ಕಂಡರೆ ಎಲ್ಲರಿಗೂ ಎದ್ದು ನಿಲ್ಲುವ ಆಸೆ, ಸಿಬ್ಬಂದಿ ಗದರಿ ಕೂರಿಸುತ್ತಾರೆ. ಕೂರಿಸಲೇಬೇಕು: 2009ರಲ್ಲಿ ಇಲ್ಲೇ ದೋಣಿ ಮಗುಚಿ 45 ಜನ ತೀರಿಕೊಂಡರು.

ಸಾಣಾಪುರ ಚೆಂದದ ಜಾಗ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸುತ್ತ ಬಂಡೆಗುಡ್ಡ. ಸಂಜೆ ಅರ್ಧ ತಾಸಿಗೆ ಹರಿಗೋಲು ಹೇಳಿ ಮಾಡಿಸಿದ್ದು. ದಿನವಿಡೀ ಆಗುವುದಿಲ್ಲ. ತಲೆಯ ಮೇಲೆ ನೆರಳಿಲ್ಲ, ಮಂಡಿ ಮಡಚಿಯೇ ಕೂರಬೇಕು, ಹತ್ತುವ ಮುಂಚೆ ಬಾಡಿಗೆಯ ಚೌಕಾಸಿ ಬೇರೆ.

ತೆಪ್ಪದಲ್ಲಿ ಎಂಜಿನ್ ಇಲ್ಲ, ಹುಟ್ಟು ಹಾಕುವವರು ಅರಣ್ಯ ಇಲಾಖೆಯ ಮಾರ್ಗದರ್ಶಕರು. ಬಂದೂಕು ಹಿಡಿದ ಕಾವಲುಗಾರರೂ ಜೊತೆಗಿರುತ್ತಾರೆ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿದಾಗ ಮುಳುಗಿದ ಮರಗಳ ಬೊಡ್ಡೆಗಳು ಇನ್ನೂ ನೀರಿನಿಂದ ತಲೆಯೆತ್ತಿ ನಿಂತಿವೆ, ಅವುಗಳ ಮೇಲೆ ನೀರುಕಾಗೆ, ಹಾವಕ್ಕಿಗಳು ರೆಕ್ಕೆ ಹರಡಿಕೊಂಡು ಕೂತಿರುತ್ತವೆ. ಬೋಟಿನಿಂದಲೂ ಅವು ಕಾಣುತ್ತವೆ, ಆದರೆ ತೆಪ್ಪ ಹತ್ತಿರ ಬಂದರೂ ಹಾರುವುದಿಲ್ಲ. ಒಂದು ಕಾಲಕ್ಕೆ ಈ ಕಾಡಿನಲ್ಲಿ ಕದ್ದು ಬೇಟೆಯಾಡುತ್ತಿದ್ದ, ತೊಗಟೆ ಸುಲಿಯುತ್ತಿದ್ದ ಕೆಲವರನ್ನೇ ಇಲಾಖೆ ಮಾರ್ಗದರ್ಶಕರನ್ನಾಗಿ ಮಾಡಿಕೊಂಡಿತು. ಕಾಡನ್ನು ಅವರಷ್ಟು ಬಲ್ಲವರು ಯಾರಿದ್ದಾರೆ? ನನಗೆ ಇದು ಬಹಳ ಹಿಡಿಸಿದ ವಿಷಯ.

ಒಂದೇ ತೊಡಕು, ಅದೂ ಸಣ್ಣದಲ್ಲ. ತೆಪ್ಪದ ಪ್ರವಾಸ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಅಂದರೆ ಅಷ್ಟೂ ಹೊತ್ತು ನೀರಿನ ಮೇಲಲ್ಲ. ತೆಪ್ಪ ಕಟ್ಟಿರುವ ಜಾಗಕ್ಕೆ ಕಾಡಿನಲ್ಲಿ ನಡೆದು ಹೋಗಬೇಕು, ನಡುವೆ ಇಳಿದು ಮತ್ತೆ ನಡೆಯಬೇಕು. ತೇಲುವುದು ಸುಮಾರು ಮೂರು ತಾಸು. ನಡಿಗೆ ಒಗ್ಗಿದವರಿಗೆ ಏನೂ ಅಲ್ಲ. ಮಂಡಿನೋವಿನ ಅಮ್ಮನನ್ನೋ ಅತ್ತೆಯನ್ನೋ "ಕೂತು ಬರೋದು ಅಷ್ಟೇ" ಎಂದು ಕರೆದುಕೊಂಡು ಹೋದರೆ ಅವರ ಇಡೀ ದಿನ ಹಾಳು.

ಆ ದಾರಿಯಲ್ಲೇ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಮೊಣಕಾಲಿನವರೆಗೆ ಕಟ್ಟಿಕೊಳ್ಳಲು ಬಟ್ಟೆಯ ಕಾಲುಚೀಲ ಕೊಡುತ್ತಾರೆ. ಅದನ್ನು ಬೂಟಿನೊಳಗೆ ಹಾಕಿ ಬಿಗಿಯಾಗಿ ಕಟ್ಟಿ, ಪ್ಯಾಂಟು ಅದರ ಒಳಗಿರಲಿ. ತೆಪ್ಪಕ್ಕೆ ಬಂದ ಮೇಲೂ ಸುಮ್ಮನಾಗಬೇಡಿ, ಸೊಂಟದ ಸುತ್ತ ಒಮ್ಮೆ ನೋಡಿಕೊಳ್ಳಿ. ಮಳೆಗಾಲದಲ್ಲಿ ನಿಂತು ಊಟ ಮಾಡುವುದಕ್ಕೂ ಬಿಡವು. ಮಲೆನಾಡಿನವರಿಗೆ ಇದೆಲ್ಲ ಮಾಮೂಲು. ನನ್ನ ಬಯಲುಸೀಮೆಯ ಗೆಳೆಯನಂತೂ ಹಕ್ಕಿ ನೋಡುವುದು ಬಿಟ್ಟು ದಿನವಿಡೀ ಕಾಲು ನೋಡಿಕೊಂಡ.

ತೆಪ್ಪದಲ್ಲಿ ಊಟ ಇಲಾಖೆಯದೇ. ಮೂರರಲ್ಲಿ ಅತಿ ದುಬಾರಿ ತೆಪ್ಪವೇ. ಜಾಗ ಕಡಿಮೆ, ಮೊದಲೇ ಕಾದಿರಿಸಿ.

ನಾನು ದುರ್ಬೀನು ಹಿಡಿದು ಒಂದೇ ಹಕ್ಕಿಯನ್ನು ಅರ್ಧ ತಾಸು ನೋಡುವವನು, ವರ್ಷಕ್ಕೊಂದೇ ಇಂಥ ಖರ್ಚು ಮಾಡುವವನು. ನನಗೆ ತೆಪ್ಪವೇ ಸರಿ, ಅದೂ ಡಿಸೆಂಬರ್ ನಂತರ, ನೆಲ ಒಣಗಿದ ಮೇಲೆ. ಮನೆಯ ಹಿರಿಯರು ಜೊತೆಗಿದ್ದರೆ ಮಾತ್ರ ಬೋಟಿನ ಬೆಳಗಿನ ಮೊದಲ ಟಿಕೆಟ್ ತೆಗೆಯುತ್ತೇನೆ.