ಮೂರು ಆ್ಯಪ್, ಒಂದೇ ಪಿನ್

ಕಳೆದ ತಿಂಗಳು ಫೋನ್‌ಪೇ, ಗೂಗಲ್ ಪೇ, ಭೀಮ್ ಮೂರನ್ನೂ ಒಂದೇ ಬ್ಯಾಂಕ್ ಖಾತೆಗೆ ಜೋಡಿಸಿಕೊಂಡು ತಲಾ ಹತ್ತು ದಿನ ಬಳಸಿದೆ. ಯುಪಿಐ ವಹಿವಾಟಿನಲ್ಲಿ ಯಾವ ಆ್ಯಪ್‌ನ ಪಾಲೂ ಶೇ 30 ದಾಟಬಾರದು ಎಂದು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2020ರ ನವೆಂಬರಿನಲ್ಲೇ ಹೇಳಿದೆ. ಆ ಮಿತಿ ನಿಜಕ್ಕೂ ಬಿಗಿಯಾದರೆ ನಾನು ಆ್ಯಪ್ ಬದಲಿಸಬೇಕಾದೀತೇ, ಬದಲಿಸುವುದು ಎಷ್ಟು ಕಷ್ಟ ಎಂದು ನೋಡುವ ಹುಕಿ.

ಗಾಂಧಿಬಜಾರಿನಲ್ಲಿ ಎರಡು ಮೊಳ ಮಲ್ಲಿಗೆ ಕೊಂಡು, “ಫೋನ್‌ಪೇ ಮಾಡಿದ್ದೇನಮ್ಮ” ಎಂದೆ. ಹಾಕಿದ್ದು ಭೀಮ್‌ನಲ್ಲಿ. ಹೂವಿನಾಕೆ ನನ್ನ ಮೊಬೈಲಿನತ್ತ ನೋಡಲೂ ಇಲ್ಲ. ಬುಟ್ಟಿಯ ಪಕ್ಕದ ಪೆಟ್ಟಿಗೆ ಅರವತ್ತು ರೂಪಾಯಿ ಎಂದು ಕೂಗಿದ್ದೇ ಆಕೆಗೆ ಸಾಕಾಯಿತು. “ಭೀಮ್ ಮಾಡಿದೆ” ಎನ್ನುವವರನ್ನು ನಾನಂತೂ ಇದುವರೆಗೆ ಕಂಡಿಲ್ಲ. ಕ್ಯೂಆರ್ ಅದೇ, ಪಿನ್ ಅದೇ, ದುಡ್ಡು ಹೋಗುವ ದಾರಿಯೂ ಅದೇ. ವ್ಯತ್ಯಾಸವೆಲ್ಲ ದಾರಿಯ ಬದಿಯ ಅಂಗಡಿಗಳಲ್ಲಿ.

ಫೋನ್‌ಪೇ ಒಂದು ಸಂತೆ: ವಿಮೆ, ಚಿನ್ನ, ಸಾಲ, ಕರೆಂಟ್ ಬಿಲ್ಲು. ಗೂಗಲ್ ಪೇ ತೆರೆದರೆ ಹಿಂದೆ ಹಣ ಕಳಿಸಿದವರ ಮುಖಗಳು ಸಾಲಾಗಿ ಸಿಗುತ್ತವೆ. ಹಾಲಿನವರಿಗೆ, ತಂಗಿಗೆ ಕಳಿಸಲು ಇದೇ ಸಲೀಸು. ಭೀಮ್ ಎನ್‌ಪಿಸಿಐನದೇ ಕೂಸು, ಕೆಲಸ ಮುಗಿಸಿ ಸುಮ್ಮನಾಗುತ್ತದೆ, ನನಗೆ ಅದೇ ಇಷ್ಟ. ಮೂರರಲ್ಲೊಂದು ಮಾತ್ರ, ಹೆಸರು ಬೇಡ, ಹಾಲಿನ ಲೆಕ್ಕ ಚುಕ್ತಾ ಮಾಡಿದ ಮರುಕ್ಷಣವೇ ಸಾಲ ಬೇಕೇ ಎಂದು ಕೇಳಿತು. ಕೇಳದೆ ಇನ್ನೇನು? 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ ವರ್ತಕರಿಂದ ಶುಲ್ಕ ಪಡೆಯುವಂತಿಲ್ಲ. ಹಣ ದಾಟಿಸುವುದರಲ್ಲಿ ಗಿಟ್ಟದ್ದನ್ನು ಸಾಲ, ವಿಮೆಯಲ್ಲಿ ಗಿಟ್ಟಿಸಬೇಕು. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ಲೆಕ್ಕ ಯಾರ ಬಳಿ ಇದೆಯೋ ಅವರದೇ ಮೇಲುಗೈ.

ಒಬ್ಬರನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ, ಅದನ್ನೇ ಆಧರಿಸಿದ್ದ ಫೋನ್‌ಪೇಯ ಸೇವೆಯೂ ನಿಂತುಹೋಗಿತ್ತು. ಆದ್ದರಿಂದ ಮಿತಿ ಬೇಕೆನ್ನುವವರ ವಾದದಲ್ಲಿ ಹುರುಳಿದೆ. ಜಾರಿಯಾದ ಬಗೆ ಮಾತ್ರ ವಿಚಿತ್ರ. ಶೇ 30ರ ಗಡುವು 2022ರಿಂದ 2024ಕ್ಕೆ, ಅಲ್ಲಿಂದ 2026ರ ಡಿಸೆಂಬರಿಗೆ ಜಾರಿದೆ. ಅಷ್ಟರಲ್ಲಿ ಹತ್ತರಲ್ಲಿ ಸುಮಾರು ಎಂಟು ಪಾವತಿ ಫೋನ್‌ಪೇ, ಗೂಗಲ್ ಪೇ ಎರಡರದೇ ಆಗಿಹೋಗಿದೆ. ಯುಪಿಐಗೆ ತಡವಾಗಿ ಬಂದ ವಾಟ್ಸ್‌ಆ್ಯಪ್‌ಗೆ ಮಾತ್ರ ಮೊದಲು 2 ಕೋಟಿ ಬಳಕೆದಾರರು, ಆಮೇಲೆ 4, ಆಮೇಲೆ 10 ಎಂದು ಅಳೆದು ಸುರಿದರು. ಆ ಕಟ್ಟು ಪೂರ್ತಿ ಬಿಚ್ಚಿದ್ದು 2024ರ ಕೊನೆಯ ದಿನ. ಒಳಗಿದ್ದವರು ಬೆಳೆಯುತ್ತಲೇ ಇದ್ದರು, ತಡೆದದ್ದು ಹೊಸ್ತಿಲಲ್ಲಿ ನಿಂತವರನ್ನು.

ಇನ್ನು ಬದಲಿಸುವ ಕಷ್ಟ. ಭೀಮ್ ಜೋಡಿಸಲು ಐದು ನಿಮಿಷವೂ ಬೇಕಾಗಲಿಲ್ಲ. ಹಳೆಯ ಲೆಕ್ಕ, ಉಳಿಸಿಟ್ಟ ಹೆಸರುಗಳು ಜೊತೆಗೆ ಬರಲಿಲ್ಲ, ಅಷ್ಟೆ. ಈಗ ಹೂವು, ತರಕಾರಿಗೆ ಭೀಮ್. ಕರೆಂಟ್ ಬಿಲ್ಲು ಮಾತ್ರ ಫೋನ್‌ಪೇಯಲ್ಲೇ ಕಟ್ಟುತ್ತಿದ್ದೇನೆ: ಬೆಸ್ಕಾಂ ಖಾತೆ ಸಂಖ್ಯೆ ಅಲ್ಲಿದೆ, ಹಳೆಯ ಬಿಲ್ಲು ಹುಡುಕಿ ಅದನ್ನು ಇನ್ನೊಮ್ಮೆ ತುಂಬಲು ಸೋಮಾರಿತನ.