ಒಂದೇ ಮನೆಗೆ ಮೂರು ಥರದ ಗೋಡೆ: ಮಣ್ಣಿನ ಬ್ಲಾಕ್, ಸಾಲಿಡ್ ಬ್ಲಾಕ್, ಹಾಲೋ ಬ್ಲಾಕ್

ಮೈಸೂರಿನಲ್ಲಿ ಮನೆ ಕಟ್ಟುವವರು ಗೋಡೆ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಕಮ್ಮಿ. ಮೇಸ್ತ್ರಿ ಕಾಂಕ್ರೀಟಿನ ಸಾಲಿಡ್ ಬ್ಲಾಕ್ ಅಂತಾರೆ, ಲಾರಿ ಬಂದು ಇಳಿಸುತ್ತೆ, ಅಲ್ಲಿಗೆ ಮುಗಿಯಿತು. ಚರ್ಚೆಯೆಲ್ಲ ಟೈಲ್ಸ್, ಮಾಡ್ಯುಲರ್ ಕಿಚನ್, ಎಲಿವೇಷನ್ ಮೇಲೆ. ನಮ್ಮ ಆರ್ಕಿಟೆಕ್ಟ್ ಮೇಡಂ ಮಾತ್ರ ಮೊದಲನೇ ಡ್ರಾಯಿಂಗ್‌ನಲ್ಲೇ ಇಡೀ ಮನೆಗೆ ಮಣ್ಣಿನ ಬ್ಲಾಕ್ ಅಂತ ಬರೆದು ತಂದರು. ‘ಮಣ್ಣಿನ ಗೋಡೆ ಸಾಕಾಗಿ ತಾನೇ ನಾವು ಊರು ಬಿಟ್ಟು ಬಂದಿದ್ದು?’ ಅಂದರು ನಮ್ಮತ್ತೆ. ಅವರು ಪಾಂಡವಪುರದ ಕಡೆಯವರು, ವರ್ಷಾ ವರ್ಷ ಗೋಡೆ ಸಾರಿಸಿ ಬೆಳೆದವರು. ನಮ್ಮ ಯಜಮಾನರಿಗೆ ಒಳಗೆ ಟೊಳ್ಳಿರುವ ಹಾಲೋ ಬ್ಲಾಕ್ ಆಸೆ. ಮೇಸ್ತ್ರಿಗೆ ಸಾಲಿಡ್ ಬಿಟ್ಟು ಬೇರೆ ಯಾವುದೂ ಬೇಡ. ಕೊನೆಗೆ ಮೂರೂ ಬಂದವು.

ಮನೆ ಇರುವುದು ದಟ್ಟಗಳ್ಳಿ ಕಡೆ, 30-40 ಸೈಟಿನಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ. ಇಡೀ ಮನೆ ಪಿಲ್ಲರ್ ಮೇಲೆ ನಿಂತಿದೆ. ಗೋಡೆ ತಾರಸಿಯ ಭಾರ ಹೊರುವುದಿಲ್ಲ, ಅದಕ್ಕೇ ಒಂದೊಂದು ಕಡೆ ಒಂದೊಂದು ಹಾಕೋಕೆ ಆಯಿತು. ಕೆಳಗಿನ ಹಾಲ್, ದೇವರಮನೆಗೆ ಮಣ್ಣಿನ ಬ್ಲಾಕ್. ಅಡುಗೆಮನೆ, ಬಚ್ಚಲು, ಮಹಡಿ ಮೇಲಿನ ಓದುವ ಕೋಣೆಗೆ ಸಾಲಿಡ್. ಅದರ ಪಕ್ಕದ ಮಲಗುವ ಕೋಣೆಗೆ ಜೇಡಿಮಣ್ಣು ಸುಟ್ಟು ಮಾಡಿದ ಹಾಲೋ ಬ್ಲಾಕ್. ಮಹಡಿಯ ಈ ಎರಡೂ ಕೋಣೆಗೆ ಪಶ್ಚಿಮದ ಗೋಡೆಯಿದೆ, ಮೇಲಿರುವುದು ಒಂದೇ ತಾರಸಿ. ಸೆಕೆ ಹೋಲಿಸಿ ನೋಡೋಕೆ ಇಷ್ಟು ಸರಿಸಮವಾದ ಜಾಗ ಸಿಗುವುದು ಅಪರೂಪ.

ಮೊದಲು ಮಣ್ಣಿನ ಬ್ಲಾಕ್ ವಿಷಯ. ಪಾಯ ತೋಡಿದಾಗ ಬಂದ ಕೆಂಪು ಮಣ್ಣನ್ನು ಮೇಡಂ ಒಂದು ಗಾಜಿನ ಬಾಟಲಿಗೆ ಹಾಕಿ, ನೀರು ಸುರಿದು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಟ್ಟರು. ಮರಳು ತಕ್ಷಣ ತಳಕ್ಕೆ ಕೂತಿತು. ಅದರ ಮೇಲೆ ನಯವಾದ ಹೂಳು. ಜೇಡಿ ಮಾತ್ರ ಮಾರನೇ ದಿನದವರೆಗೂ ನೀರನ್ನು ಕೆಂಪಾಗಿಯೇ ಇಟ್ಟಿತ್ತು. ಎಲ್ಲ ತಿಳಿಯಾದ ಮೇಲೆ ಸ್ಕೇಲ್ ಹಿಡಿದು ಪದರ ಪದರ ಅಳೆದರು. ಒಳ್ಳೆ ಬ್ಲಾಕ್‌ಗೆ ಮೂರರಲ್ಲಿ ಎರಡು ಪಾಲು ಮರಳಿರಬೇಕು, ಜೇಡಿ ನೂರಕ್ಕೆ 10ರಿಂದ 15 ಇದ್ದರೆ ಸಾಕು. ನಮ್ಮದರಲ್ಲಿ ಜೇಡಿ ಜಾಸ್ತಿ ಬಂತು. ಅದಕ್ಕೆ ಜಲ್ಲಿ ಕ್ರಷರ್‌ನ ಕಲ್ಲುಪುಡಿ ಬೆರೆಸಿ, ನೂರಕ್ಕೆ 7ರಷ್ಟು ಸಿಮೆಂಟ್ ಸೇರಿಸಿ, ಕೈಯಲ್ಲಿ ಒತ್ತುವ ಮೆಷಿನ್‌ನಲ್ಲಿ ಬ್ಲಾಕ್ ಮಾಡಿದರು. ಒಲೆಯಿಲ್ಲ, ಸೌದೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಆಸ್ತ್ರ’ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಮೇಡಂ ಇದನ್ನೆಲ್ಲ ವಿವರಿಸಿದರೂ ಅತ್ತೆಗೆ ನಂಬಿಕೆ ಬರಲಿಲ್ಲ. ಒಣಗಿದ ಒಂದು ಬ್ಲಾಕನ್ನು ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ತೆಗೆದು ಉಗುರಿನಿಂದ ಕೆರೆದು ನೋಡಿದರು. ಅಂಚು ಹಾಗೇ ಇತ್ತು. ಆಮೇಲೆ ತಕರಾರು ನಿಂತಿತು. ಚೆನ್ನಾಗಿದೆ ಅಂತ ಮಾತ್ರ ಇವತ್ತಿಗೂ ಬಾಯಿ ಬಿಟ್ಟು ಹೇಳಿಲ್ಲ.

ಇದರಲ್ಲಿ ಕಷ್ಟ ಏನು ಅಂದರೆ ಜಾಗ. ಒತ್ತಿದ ಬ್ಲಾಕನ್ನು ಜೋಡಿಸಿ, ಗೋಣಿಚೀಲ ಹೊದಿಸಿ, ಮೂರು ವಾರ ನೀರು ಚಿಮುಕಿಸುತ್ತಿರಬೇಕು. 30-40 ಸೈಟಿನಲ್ಲಿ ಪಾಯ ತೋಡಿದ ಮೇಲೆ ಎಲ್ಲಿ ಜೋಡಿಸೋದು? ಪಕ್ಕದ ಖಾಲಿ ಸೈಟಿನವರು ಒಪ್ಪದೇ ಹೋಗಿದ್ದರೆ ಈ ಯೋಜನೆ ಅಲ್ಲಿಗೇ ಬಿದ್ದುಹೋಗುತ್ತಿತ್ತು. ಇನ್ನೊಂದು, ಕರೆಂಟ್ ಪೈಪು. ಮಣ್ಣಿನ ಗೋಡೆಗೆ ನಾವು ಪ್ಲಾಸ್ಟರ್ ಮಾಡಿಸಿಲ್ಲ, ಆಮೇಲೆ ಕೊರೆದರೆ ಆ ಗಾಯ ಮುಚ್ಚೋಕೆ ಆಗಲ್ಲ. ಟಿವಿ ಎಲ್ಲಿ, ಸ್ವಿಚ್ ಬೋರ್ಡ್ ಎಲ್ಲಿ, ದೇವರ ದೀಪಕ್ಕೆ ಪಾಯಿಂಟ್ ಎಷ್ಟೆತ್ತರದಲ್ಲಿ ಅನ್ನುವುದೆಲ್ಲ ಮೊದಲ ವರಸೆ ಇಡುವ ಮುಂಚೆಯೇ ಡ್ರಾಯಿಂಗ್‌ನಲ್ಲಿ ಕೂತಿರಬೇಕು. ಆರ್ಕಿಟೆಕ್ಟ್ ಫೀಸು ಯಾಕೆ ಕೊಡಬೇಕು ಅಂತ ಕೇಳುವವರಿಗೆ ನಾನು ತೋರಿಸುವುದು ಆ ಒಂದು ಹಾಳೆಯನ್ನೇ.

ಸಾಲಿಡ್ ಬ್ಲಾಕ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಎಲ್ಲ ಕಡೆ ಸಿಗುತ್ತೆ, ಎಲ್ಲ ಗಾರೆಯವರಿಗೂ ಗೊತ್ತು, ಕೆಲಸ ಬೇಗ ಸಾಗುತ್ತೆ. ಡ್ರಿಲ್ ಹಾಕಿ ಏನು ಬೇಕಾದರೂ ತೂಗುಹಾಕಬಹುದು. ನೀರು ತುಂಬಿದ 25 ಲೀಟರ್ ಗೀಸರ್, ಪಾತ್ರೆ ತುಂಬಿದ ಕಪಾಟು ಎಲ್ಲ ಇದರ ಮೇಲೆ ನಿಶ್ಚಿಂತೆ. ಆದರೆ ಲಾರಿಯಿಂದ ಇಳಿಸುವಾಗ ಹಸಿಯಾಗಿದೆಯಾ ನೋಡಿ. ನೀರುಣಿಸಿ ಸರಿಯಾಗಿ ಕ್ಯೂರಿಂಗ್ ಮಾಡಿ ಒಣಗಿಸದ ಬ್ಲಾಕ್ ಗೋಡೆಯಲ್ಲಿ ಕೂತ ಮೇಲೆ ಕುಗ್ಗುತ್ತೆ, ಪ್ಲಾಸ್ಟರ್ ಮೇಲೆ ಕೂದಲೆಳೆಯ ಬಿರುಕು ಬರುತ್ತೆ. ಪಿಲ್ಲರ್ ಮತ್ತು ಗೋಡೆ ಸೇರುವ ಕಡೆ ಜಾಲರಿ ಹೊಡೆದು ಪ್ಲಾಸ್ಟರ್ ಮಾಡಲೇಬೇಕು. ಪ್ಲಾಸ್ಟರ್ ಮಾಡುವ ಯಾವ ಬ್ಲಾಕ್‌ಗಾದರೂ ಇದು ಅಷ್ಟೇ.

ಇನ್ನು ಸೆಕೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ರಾತ್ರಿ ಹೊರಗಿನ ಗಾಳಿ ತಣ್ಣಗಾಗುತ್ತೆ, ಗೋಡೆ ತಣ್ಣಗಾಗೋಕೆ ಮಾತ್ರ ಹೊತ್ತು ಹಿಡಿಯುತ್ತೆ. ಏಪ್ರಿಲ್‌ನಲ್ಲಿ ಊಟ ಮುಗಿಸಿ ಮಹಡಿಗೆ ಹೋದರೆ ಓದುವ ಕೋಣೆಯ ಪಶ್ಚಿಮದ ಗೋಡೆ ಒಳಗಡೆ ಇನ್ನೂ ಬೆಚ್ಚಗಿರುತ್ತೆ. ಅದರ ಪಕ್ಕ ಕೂತರೆ ಆಗಷ್ಟೇ ದೋಸೆ ಮುಗಿಸಿದ ಕಾವಲಿ ಪಕ್ಕ ಕೂತ ಹಾಗೆ. ಕಾಂಕ್ರೀಟ್ ಮಧ್ಯಾಹ್ನ ಕುಡಿದ ಬಿಸಿಲನ್ನು ರಾತ್ರಿ ಬಿಡುತ್ತೆ. ಪಕ್ಕದ ಮಲಗುವ ಕೋಣೆಯ ಗೋಡೆ ಮುಟ್ಟಿದರೆ ಅಷ್ಟು ಕಾವಿಲ್ಲ. ಹಾಲೋ ಬ್ಲಾಕ್‌ನ ತೂತುಗಳಲ್ಲಿ ನಿಂತ ಗಾಳಿ ಬಿಸಿಯನ್ನು ದಾಟಿಸುವುದು ನಿಧಾನ. ತಾರಸಿಯ ಬಿಸಿ ಎರಡಕ್ಕೂ ಒಂದೇ, ಆದರೂ ಒಂದರಲ್ಲಿ ನಿದ್ದೆ ಬರುತ್ತೆ, ಇನ್ನೊಂದರಲ್ಲಿ ಬರಲ್ಲ. ಮಗಳು ಪರೀಕ್ಷೆ ಓದುವುದನ್ನೂ ಮಲಗುವ ಕೋಣೆಗೇ ಸಾಗಿಸಿದ್ದಾಳೆ.

ಮಣ್ಣಿನ ಹಾಲ್ ಹಗಲಿನಲ್ಲಿ ಎಲ್ಲಕ್ಕಿಂತ ತಂಪು. ಅದರ ಮೇಲೆ ಮಹಡಿ ಇರುವುದರಿಂದ ಆ ತಂಪಿನ ಪೂರ್ತಿ ಶ್ರೇಯ ಗೋಡೆಗೆ ಕೊಡೋಕಾಗಲ್ಲ. ಗೋಡೆ ಏಳೂವರೆ ಇಂಚು ದಪ್ಪ, ಭಾರ ಬೇರೆ. ಕಾಂಕ್ರೀಟ್ ಹಾಗೇ ಅದೂ ಬಿಸಿ ಹಿಡಿದಿಟ್ಟುಕೊಳ್ಳುತ್ತೆ, ರಾತ್ರಿ ಕಿಟಕಿ ತೆಗೆಯದಿದ್ದರೆ ಕಾವು ಹೋಗಲ್ಲ. ಮಣ್ಣಿನ ಮನೆ ಸದಾ ತಂಪು ಅಂತ ಹೇಳುವವರು ಈ ಕಿಟಕಿ ಮಾತನ್ನು ಯಾಕೋ ಬಿಟ್ಟುಬಿಡುತ್ತಾರೆ.

ಮಳೆಗಾಲದ ಲೆಕ್ಕವೇ ಬೇರೆ. ಮುಂಗಾರು ಪಶ್ಚಿಮದಿಂದ ಇರಚಲು ಹೊಡೆಯುತ್ತೆ. ಪ್ಲಾಸ್ಟರ್ ಆದ ಹಾಲೋ ಮತ್ತು ಸಾಲಿಡ್ ಗೋಡೆಗೆ ಅದು ಲೆಕ್ಕಕ್ಕಿಲ್ಲ. ಮಣ್ಣಿನ ಗೋಡೆಗಾಗಿ ಮೇಡಂ ಸಜ್ಜಾವನ್ನು ಎರಡಡಿ ಮುಂದೆ ತಂದರು, ನೆಲದಿಂದ ಎರಡಡಿವರೆಗೆ ಸೈಜುಗಲ್ಲು ಕಟ್ಟಿಸಿದರು. ಹೊರಗಡೆ ನೀರು ಹಿಡಿಯದ ಹಾಗೆ ಕೋಟಿಂಗ್ ಹೊಡೆಸಿದ್ದೇವೆ. ಅದನ್ನು ಕೆಲವು ವರ್ಷಕ್ಕೊಮ್ಮೆ ಮತ್ತೆ ಹೊಡೆಸಬೇಕು. ಈ ಖರ್ಚು ಹೇಳದೆ ‘ಪೇಂಟ್ ದುಡ್ಡು ಉಳಿಯಿತು’ ಅಂದರೆ ಅರ್ಧ ಲೆಕ್ಕ ಹೇಳಿದ ಹಾಗೆ. ಬಂದ ನೆಂಟರೆಲ್ಲ ಗೆದ್ದಲಿನ ಬಗ್ಗೆ ಕೇಳುತ್ತಾರೆ. ಗೆದ್ದಲಿಗೆ ಬೇಕಿರುವುದು ಮರ. ಸಿಮೆಂಟ್ ಸೇರಿಸಿ ಒತ್ತಿದ ಬ್ಲಾಕ್‌ನಲ್ಲಿ ಅದಕ್ಕೆ ತಿನ್ನೋಕೆ ಏನೂ ಇಲ್ಲ. ಬಾಗಿಲ ಚೌಕಟ್ಟು ನೋಡಿಕೊಳ್ಳಿ ಅಷ್ಟೇ.

ಹಾಲೋ ಬ್ಲಾಕ್‌ನ ದೋಷ ಗೊತ್ತಾಗಿದ್ದು ಗೃಹಪ್ರವೇಶ ಆದ ಮೇಲೆ. ಫೋಟೋ ಹಾಕೋಕೆ ಮೊಳೆ ಹೊಡೆದರೆ ಟಪ್ ಅಂತ ಸಿಪ್ಪೆ ಒಡೆದು ಮೊಳೆ ಟೊಳ್ಳಿಗೆ ಹೋಗುತ್ತೆ. ಟೊಳ್ಳು ಗೋಡೆಗೇ ಅಂತ ಬರುವ ಉದ್ದನೆಯ ಪ್ಲಗ್ ಹಾಕಿ, ಡ್ರಿಲ್‌ನ ಹ್ಯಾಮರ್ ಆಫ್ ಮಾಡಿ ಕೊರೆಯಬೇಕು. ವಾರ್ಡ್‌ರೋಬನ್ನು ಗೋಡೆಗೆ ತೂಗುಹಾಕದೆ ನೆಲದ ಮೇಲೆ ನಿಲ್ಲಿಸಿದ್ದು ಅದಕ್ಕೇ. ಕಟ್ಟುವಾಗಲೂ ಕರಣೆಯಲ್ಲಿ ಹೊಡೆದು ಅರ್ಧ ಮಾಡೋಕೆ ಆಗಲ್ಲ, ಕಟರ್ ಬೇಕು. ಕಿಟಕಿಯ ಅಳತೆ ಬ್ಲಾಕ್‌ನ 16 ಇಂಚಿಗೆ ಹೊಂದದಿದ್ದರೆ ತುಂಡುಗಳೇ ಒಂದು ಗುಡ್ಡೆಯಾಗುತ್ತೆ. ಮಹಡಿಗೆ ಹೊರುವ ಆಳುಗಳಿಗೆ ಮಾತ್ರ ಖುಷಿಯೋ ಖುಷಿ, ಅಷ್ಟು ಹಗುರ.

ದುಡ್ಡಿನ ಮಾತು. ಬರೀ ಬ್ಲಾಕ್ ರೇಟು ನೋಡಿದರೆ ಸಾಲಿಡ್ ಅಗ್ಗ, ಹಾಲೋ ದುಬಾರಿ. ನಮ್ಮ ಕಡೆ ಹಾಲೋ ಕುಣಿಗಲ್‌ನಿಂದ ಲಾರಿಯಲ್ಲಿ ಬರಬೇಕು, ಸಾಗಾಣಿಕೆ ಬೇರೆ. ಮಣ್ಣಿನದಕ್ಕೆ ಸಾಮಾನಿನ ಖರ್ಚು ಕಮ್ಮಿ, ಕೂಲಿ ಜಾಸ್ತಿ. ಎರಡೂ ಕಡೆ ಪ್ಲಾಸ್ಟರ್, ಪೇಂಟ್ ಬಿಟ್ಟಿದ್ದರಿಂದ ಕೊನೆಗೆ ಸಾಲಿಡ್‌ಗೆ ಹೆಚ್ಚು ಕಮ್ಮಿ ಸಮ ಬಂತು. ಆದರೆ ಸಂದು ನೀಟಾಗಿ ಬರೆಯುವ ಗಾರೆಯವರು ಸಿಗಬೇಕು. ನಮ್ಮ ಮೇಸ್ತ್ರಿಯ ತಂಡ ದೇವರಮನೆಯ ಗೋಡೆಯಲ್ಲಿ ಕಲಿತು, ಹಾಲ್‌ನಲ್ಲಿ ಪಳಗಿತು. ಅಗರಬತ್ತಿ ಹಚ್ಚುವಾಗ ಆ ಡೊಂಕು ಸಂದುಗಳು ನನಗಂತೂ ಕಾಣುತ್ತವೆ.

ನನ್ನನ್ನು ಕೇಳಿದರೆ ಮಹಡಿಗೆ ಪೂರ್ತಿ ಹಾಲೋ ಹಾಕಬೇಕಿತ್ತು. ಕೆಳಗಡೆ ಈಗಿರುವುದೇ ಸರಿ. ಒಳಗೆಲ್ಲ ಗಾಳಿಗುಳ್ಳೆ ಇರುವ ಎ.ಎ.ಸಿ. ಕಾಂಕ್ರೀಟ್ ಬ್ಲಾಕ್ ಇನ್ನೂ ಹಗುರ, ಅದಕ್ಕೂ ಬಿಸಿ ತಡೆಯುವ ಗುಣ ಇದೆ. ನಾವು ಬಳಸಿಲ್ಲ, ಹಾಗಾಗಿ ಅದರ ಮಾತು ಬೇಡ.

ನನ್ನ ತಮ್ಮ ಈಗ ಮಂಡ್ಯದ ಹತ್ತಿರ ಕಟ್ಟೋಕೆ ಹೊರಟಿದ್ದಾನೆ. ನಮ್ಮ ಹಾಲ್ ನೋಡಿ ಅವನಿಗೂ ಮಣ್ಣಿನ ಬ್ಲಾಕೇ ಬೇಕಂತೆ. ಸೈಟು ಇರುವುದು ನಾಲೆ ಬಯಲಲ್ಲಿ, ಮೊನ್ನೆವರೆಗೂ ಗದ್ದೆ. ಅಲ್ಲಿಂದ ತಂದ ಮಣ್ಣನ್ನು ಬಾಟಲಿಯಲ್ಲಿ ಕುಲುಕಿಟ್ಟು ನೋಡಿದೆವು. ಬರೀ ಜೇಡಿ, ಜೊತೆಗೆ ಮೇಲೆ ತೇಲುವ ಬೇರು, ಕಸ. ಹೊರಗಿನಿಂದ ಮಣ್ಣು ತರಿಸಿದರೆ ಸಾಮಾನಿನ ಉಳಿತಾಯವೆಲ್ಲ ಲಾರಿ ಬಾಡಿಗೆಗೇ ಹೋಗುತ್ತೆ. ಕೆಳಗೆ ಸಾಲಿಡ್, ಮಹಡಿಗೆ ಹಾಲೋ, ಪಶ್ಚಿಮದ ಕಿಟಕಿಗೆ ಉದ್ದ ಸಜ್ಜಾ ಹಾಕಿಸು ಅಂದಿದ್ದೀನಿ.